ಇಲ್ಲಿ ಕೆಮ್ಮು

ನಮ್ಮ ತಂಡದ ನಿರ್ದೇಶಕರು ರಿಹರ್ಸಲ್ಲಿಗೆ ಬರುವಾಗ ಕಂಕುಳಲ್ಲಿ ಒಂದು ಪುಸ್ತಕ ಇದ್ದೇ ಇರುತ್ತಿತ್ತು. ಕೊಡೆ ಮರೆತು ಬಂದದ್ದುಂಟು, ಕನ್ನಡಕ ಮರೆತದ್ದುಂಟು, ಒಮ್ಮೆ ಆಡಬೇಕಾದ ನಾಟಕದ ಪ್ರತಿಯನ್ನೇ ಬಸ್ಸಿನಲ್ಲಿ ಬಿಟ್ಟು ಬಂದಿದ್ದರು. ಕಂಕುಳ ಪುಸ್ತಕ ಮಾತ್ರ ತಪ್ಪಿದ್ದಿಲ್ಲ. ಬಸವನಗುಡಿಯ ಶಾಲೆಯೊಂದರ ಹಾಲ್ ಸಂಜೆ ಆರರ ಮೇಲೆ ನಮ್ಮದಾಗುತ್ತಿತ್ತು. ಬೋರ್ಡಿನ ಮೇಲೆ ಬೆಳಗಿನ ಲಸಾಗು ಮಸಾಗು ಹಾಗೇ ಉಳಿದಿರುತ್ತಿತ್ತು. ಗೇಟಿನ ಹತ್ತಿರ ಟೀ ಕುಡಿಯುತ್ತ ನಿಂತ ನಮ್ಮ ನಟವರ್ಗ, ಪಂಚಾಂಗ ನೋಡಿ ಮಳೆ ಹೇಳುವ ಹಾಗೆ, ದೂರದಿಂದಲೇ ಪುಸ್ತಕದ ರಟ್ಟು ನೋಡಿ ಈ ಸಲ ತಮಗೆ ಕಾದಿರುವ ಗ್ರಹಚಾರ ಹೇಳಿಬಿಡುತ್ತಿತ್ತು. ಅದು ಸ್ತಾನಿಸ್ಲಾವ್‌ಸ್ಕಿಯಾದರೆ ಅಳುವುದಿದೆ. ಬ್ರೆಕ್ಟ್ ಆದರೆ ಅಳುವ ಹಾಗಿಲ್ಲ. ಗಾರ್ಡನ್ ಕ್ರೇಗ್ ಆದರೆ ನಾವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನಗೆ ಆ ಆತಂಕ ಇರಲಿಲ್ಲ. ನಾನು ಪ್ರಾಂಪ್ಟರ್. ಸೈಡ್ ವಿಂಗಿನಲ್ಲಿ ಜೀರೋ ಕ್ಯಾಂಡಲ್ ಬಲ್ಬಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತು, ನಾಟಕವನ್ನು ಪಿಸುದನಿಯಲ್ಲಿ ಓದಿ ಮುಗಿಸುವವನು. ಹಾಗೆ ನೋಡಿದರೆ ನಮ್ಮ ತಂಡದಲ್ಲಿ ಇಡೀ ನಾಟಕವನ್ನು ಒಂದಕ್ಷರ ಬಿಡದೆ ಆಡಿದವನು ನಾನೊಬ್ಬನೇ. ಪ್ರೇಕ್ಷಕರಿಗೆ ಕೇಳಿಸಲಿಲ್ಲ, ಅಷ್ಟೆ. ಒಮ್ಮೊಮ್ಮೆ ಕೇಳಿಸಿದ್ದೂ ಉಂಟು, ಆ ಮಾತು ಈಗ ಬೇಡ.

ಸ್ತಾನಿಸ್ಲಾವ್‌ಸ್ಕಿಯ ವರ್ಷ ಬಹಳ ಉದ್ದವಿತ್ತು. ‘ಆನ್ ಆಕ್ಟರ್ ಪ್ರಿಪೇರ್ಸ್’ 1936ರಲ್ಲಿ ಇಂಗ್ಲಿಷಿಗೆ ಬಂದ ಪುಸ್ತಕ. ನಟನೆಯ ಪಾಠವನ್ನು ಒಬ್ಬ ವಿದ್ಯಾರ್ಥಿಯ ದಿನಚರಿಯ ಹಾಗೆ ಬರೆದಿದ್ದಾರೆ. ಅದರಲ್ಲೊಂದು ಪ್ರಸಂಗ ಬರುತ್ತದೆ. ಪರದೆಯ ಮಡಿಕೆಯಲ್ಲಿ ಚುಚ್ಚಿಟ್ಟ ಪಿನ್ನೊಂದನ್ನು ಹುಡುಕು ಎಂದು ಗುರು ಒಬ್ಬ ಹುಡುಗಿಗೆ ಹೇಳುತ್ತಾನೆ. ಅವಳು ವೇದಿಕೆಗೆ ಓಡಿ, ಪರದೆ ಜಗ್ಗಿ, ತಲೆ ಹಿಡಿದುಕೊಂಡು, ಎದೆ ಅದುಮಿಕೊಂಡು ಕಂಗಾಲಾಗಿ ಇಳಿದು ಬರುತ್ತಾಳೆ. ಅವಳಿಗೆ ತಾನು ಅದ್ಭುತವಾಗಿ ನಟಿಸಿದೆನೆಂಬ ಸಂತೋಷ. ಗುರು ತಣ್ಣಗೆ, ಪಿನ್ನೆಲ್ಲಿ ಎಂದು ಕೇಳುತ್ತಾನೆ. ಅಯ್ಯೋ, ಅದನ್ನು ಹುಡುಕುವುದೇ ಮರೆತಿತ್ತು! ಪಿನ್ನು ಸಿಗದಿದ್ದರೆ ಶಾಲೆಯಿಂದ ಹೊರಗೆ ಎಂದು ಗುರು ಹೆದರಿಸಿದ ಮೇಲೆ ಅವಳು ಮತ್ತೆ ಹೋಗಿ, ಮಡಿಕೆ ಮಡಿಕೆ ಬಿಡಿಸಿ ನಿಜವಾಗಿ ಹುಡುಕುತ್ತಾಳೆ. ನೋಡುವಂಥ ನಟನೆ ಹುಟ್ಟುವುದು ಆಗ.

ನಟನೆಯ ಬಗ್ಗೆ ನಾನು ಓದಿದ ಪುಟಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಈಗಲೂ ಅನ್ನಿಸುತ್ತದೆ. ನಮ್ಮ ನಿರ್ದೇಶಕರಿಗೂ ಹಾಗೇ ಅನ್ನಿಸಿತು. ಮರುದಿನವೇ ಶಾಲೆಯ ನೀಲಿ ಪರದೆಯಲ್ಲಿ ಒಂದು ಪಿನ್ನು ಚುಚ್ಚಿ, ಅಂಚೆ ಇಲಾಖೆಯಲ್ಲಿದ್ದ ನಮ್ಮ ನಾಯಕನನ್ನು ಹುಡುಕಲು ಬಿಟ್ಟರು. ಅವನು ಎರಡು ನಿಮಿಷದಲ್ಲಿ ಅಂಗೈ ತುಂಬ ಪಿನ್ನು ಹಿಡಿದುಕೊಂಡು ಬಂದ. ಆ ಪರದೆಗೆ ಎಷ್ಟೋ ವರ್ಷಗಳ ಸ್ಕೂಲ್ ಡೇ ಚುಚ್ಚಿಕೊಂಡಿತ್ತು. “ಇದ್ರಲ್ಲಿ ನಿಮ್ದು ಯಾವ್ದು ನೋಡ್ಕೊಳಿ ಸಾರ್” ಎಂದ. ನಿರ್ದೇಶಕರು ಪುಸ್ತಕ ಮುಚ್ಚಿ ಟೀ ತರಿಸಿದರು.

ಭಾವದ ನೆನಪು ಎಂಬ ಪಾಠ ಇನ್ನೂ ದುಬಾರಿಯಾಯಿತು. ದುಃಖದ ದೃಶ್ಯಕ್ಕೆ ನಿಮ್ಮ ಬದುಕಿನ ದುಃಖವನ್ನೇ ನೆನಪು ಮಾಡಿಕೊಳ್ಳಿ ಎಂದದ್ದೇ ತಡ, ಬ್ಯಾಂಕಿನಲ್ಲಿದ್ದ ನಮ್ಮ ತಂದೆ-ಪಾತ್ರಧಾರಿಗೆ ತನಗೆ ತಪ್ಪಿದ ಪ್ರಮೋಷನ್ ನೆನಪಾಯಿತು. ಅತ್ತರೆ ಸರಿಹೋಗುತ್ತಿತ್ತು. ಅವರು ಅಳಲಿಲ್ಲ, ಆ ಪ್ರಮೋಷನ್ ಯಾರಿಗೆ, ಹೇಗೆ, ಯಾವ ಜಾತಿಯ ದೆಸೆಯಿಂದ ಹೋಯಿತೆಂದು ಕಾವಲುಗಾರ ಬಂದು ಲೈಟ್ ಆರಿಸುವವರೆಗೂ ಹೇಳಿದರು.

ಇಷ್ಟೆಲ್ಲ ಪಾಠ ಹೇಳಿದ ಮಹಾನುಭಾವನಿಗೂ ತನ್ನ ನಾಟಕಕಾರನೊಡನೆ ಹೊಂದಿಕೆಯಾಗುತ್ತಿರಲಿಲ್ಲ ಎನ್ನುವುದನ್ನು ಮಾತ್ರ ನಿರ್ದೇಶಕರು ನಮಗೆ ಹೇಳಲಿಲ್ಲ. ನಾನೇ ಆಮೇಲೆ ಓದಿ ತಿಳಿದುಕೊಂಡೆ. ಚೆಕಾಫ್ ‘ಚೆರ‍್ರಿ ಆರ್ಚರ್ಡ್’ ಬರೆದು, ಇದು ಕಾಮಿಡಿ ಎಂದು ಹೆಸರಿನ ಕೆಳಗೇ ನಮೂದಿಸಿ ಮಾಸ್ಕೋಗೆ ಕಳಿಸಿದ. ಸ್ತಾನಿಸ್ಲಾವ್‌ಸ್ಕಿ ಅದನ್ನು ಓದಿ ಅತ್ತ. ಅಳು ಬಂದ ಮೇಲೆ ಅದು ದುರಂತವಲ್ಲದೆ ಇನ್ನೇನು ಎಂದು ತೀರ್ಮಾನಿಸಿ ಹಾಗೇ ಆಡಿಸಿದ. ಹನ್ನೆರಡು ನಿಮಿಷದಲ್ಲಿ ಮುಗಿಯಬೇಕಾದ ಅಂಕವನ್ನು ನಲವತ್ತು ನಿಮಿಷ ಎಳೆದಿದ್ದಾರೆ, ನನ್ನ ನಾಟಕ ಕೆಡಿಸಿದರು ಎಂದು ಚೆಕಾಫ್ ಹೆಂಡತಿಗೆ ಕಾಗದ ಬರೆದ. ಆ ಹೆಂಡತಿಯೇ ನಾಟಕದ ನಾಯಕಿ, ಹಾಗಾಗಿ ದೂರು ಹೋಗಬೇಕಾದ ಕಡೆಗೇ ಹೋಯಿತೆನ್ನಬೇಕು. ವೇದಿಕೆಯ ಹಿಂದಿನಿಂದ ಕಪ್ಪೆ, ಜೀರುಂಡೆ, ನಾಯಿಗಳ ಸದ್ದು ತರಿಸುವ ಹುಚ್ಚೂ ಸ್ತಾನಿಸ್ಲಾವ್‌ಸ್ಕಿಗಿತ್ತು. ಮುಂದಿನ ನಾಟಕದ ಮೊದಲ ಮಾತಿನಲ್ಲೇ, ಆಹಾ ಇಲ್ಲಿ ಜೀರುಂಡೆಯ ಸದ್ದೇ ಇಲ್ಲವಲ್ಲ ಎಂದು ಪಾತ್ರವೊಂದರ ಬಾಯಲ್ಲಿ ಹೇಳಿಸುತ್ತೇನೆ ಎಂದು ಚೆಕಾಫ್ ಹೆದರಿಸಿದ್ದನಂತೆ. ಆ ನಾಟಕ ಬರಲಿಲ್ಲ. ‘ಚೆರ‍್ರಿ ಆರ್ಚರ್ಡ್’ ರಂಗಕ್ಕೆ ಬಂದದ್ದು 1904ರ ಜನವರಿಯಲ್ಲಿ, ಅದೇ ಜುಲೈನಲ್ಲಿ ಅವನು ತೀರಿಕೊಂಡ. ಅದು ನಗುವ ನಾಟಕವೋ ಅಳುವ ನಾಟಕವೋ ಎಂದು ನಿರ್ದೇಶಕರು ಇನ್ನೂ ಜಗಳವಾಡುತ್ತಿದ್ದಾರೆ.

ಕ್ರೇಗ್ ಬಂದದ್ದು ಇಂಗ್ಲೆಂಡಿನಿಂದ. ಅವನ ‘ಆನ್ ದಿ ಆರ್ಟ್ ಆಫ್ ದಿ ಥಿಯೇಟರ್’ (1911) ಹಿಡಿದು ಬಂದ ದಿನ ನಿರ್ದೇಶಕರ ಮುಖದಲ್ಲಿ ವಿಚಿತ್ರ ಶಾಂತಿಯಿತ್ತು. ನಟನ ಭಾವಾವೇಶವನ್ನು ನೆಚ್ಚಿಕೊಂಡು ಕಲೆ ಕಟ್ಟಲಾಗದು, ಅವನ ಜಾಗಕ್ಕೆ ಮಹಾಗೊಂಬೆಯೊಂದು ಬರಬೇಕು ಎಂದು ಕ್ರೇಗ್ ವಾದಿಸಿದ್ದಾನೆ. ರಿಹರ್ಸಲ್ಲಿಗೆ ಅರ್ಧ ತಂಡ ಬಾರದ ಸಂಜೆಗಳನ್ನು ಕಂಡ ಯಾವ ನಿರ್ದೇಶಕನೂ ಈ ವಾದಕ್ಕೆ ತಲೆದೂಗದೆ ಇರಲಾರ. ಗೊಂಬೆಗೆ ಓವರ್‌ಟೈಮ್ ಇಲ್ಲ, ನಾದಿನಿಯ ಮದುವೆಯಿಲ್ಲ. ಇದೇ ಕ್ರೇಗ್ 1912ರಲ್ಲಿ ಮಾಸ್ಕೋದಲ್ಲಿ ‘ಹ್ಯಾಮ್ಲೆಟ್’ ಮಾಡಿಸಿದಾಗ ನಟರನ್ನು ಗೊಂಬೆಗಳಾಗಿಸಲು ಆಗಲಿಲ್ಲ. ಬದಲಿಗೆ ಚಲಿಸುವ ಎತ್ತರದ ಪರದೆಗಳನ್ನು ನಿಲ್ಲಿಸಿದ. ಪ್ರೇಕ್ಷಕರು ಒಳಗೆ ಬರುವ ಸ್ವಲ್ಪ ಮುಂಚೆ ಅವು ಒಂದರ ಮೇಲೊಂದು ಧೊಪ್ಪನೆ ಬಿದ್ದುವು ಎಂದು ಸ್ತಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕ್ರೇಗ್ ಅದನ್ನು ಒಪ್ಪಲಿಲ್ಲ. ರಂಗಭೂಮಿಯ ಪುಸ್ತಕಗಳ ಸುಖವೇ ಇದು. ಸೆಟ್ ಬಿತ್ತೋ ಇಲ್ಲವೋ ಎಂಬ ವಿಚಾರದಲ್ಲೂ ಇಬ್ಬರು ದೊಡ್ಡವರು ಬೇರೆ ಬೇರೆ ಹೇಳುತ್ತಾರೆ, ನಾವು ನಮಗೆ ಬೇಕಾದವರನ್ನು ನಂಬಬಹುದು. ನಾನು ಬಿದ್ದವೆಂದೇ ನಂಬಿದ್ದೇನೆ. ನಮ್ಮದೂ ಬಿದ್ದಿದೆ.

ತಂಡದ ಖಜಾಂಚಿ ಸಿದ್ಧಾಂತಗಳ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಪೀಟರ್ ಬ್ರೂಕ್‌ನ ‘ದಿ ಎಂಪ್ಟಿ ಸ್ಪೇಸ್’ (1968) ಬಂದ ವರ್ಷ ಮಾತ್ರ ಕಿವಿ ನಿಮಿರಿಸಿದರು. ಖಾಲಿ ಜಾಗವೊಂದಿದ್ದು, ಅದರಲ್ಲಿ ಒಬ್ಬ ನಡೆದುಹೋಗಿ, ಇನ್ನೊಬ್ಬ ನೋಡುತ್ತಿದ್ದರೆ ನಾಟಕಕ್ಕೆ ಅಷ್ಟು ಸಾಕು ಎಂಬ ಅರ್ಥದ ಮಾತನ್ನು ನಿರ್ದೇಶಕರು ಓದಿ ಹೇಳಿದಾಗ, “ಪುಸ್ತಕ ಅಂದ್ರೆ ಇದು ಸಾರ್! ಅಂದ್ರೆ ಈ ಸಲ ಪ್ಲೈವುಡ್ ಬೇಡ?” ಎಂದು ಎದ್ದು ನಿಂತರು. ಮುಂದೆ ಸೆಟ್ಟಿಗೆಂದು ಯಾರು ದುಡ್ಡು ಕೇಳಿದರೂ ಬ್ರೂಕ್ ಹೆಸರು ಹೇಳಿ ಕಳಿಸುತ್ತಿದ್ದರು. ಲೈಟಿನವನಿಗೂ ಹಾಗೇ ಹೇಳಲು ಹೋದರು. ಅವನು ಬ್ರೂಕ್ ಓದಿರಲಿಲ್ಲ, ಅಡ್ವಾನ್ಸ್ ಇಸಿದುಕೊಂಡೇ ವೈರು ಬಿಚ್ಚಿದ.

ಬ್ರೆಕ್ಟ್ ವಿಷಯ ಹೆಚ್ಚು ಹೇಳುವುದಿಲ್ಲ. ಪ್ರೇಕ್ಷಕ ನಾಟಕದಲ್ಲಿ ಮೈಮರೆಯಬಾರದು, ಇದು ನಾಟಕವೆಂಬ ಎಚ್ಚರ ಅವನಿಗಿರಬೇಕು ಎನ್ನುವ ವಿಚಾರಕ್ಕೆ ಅವನಿಗೆ ಬಲ ಸಿಕ್ಕಿದ್ದು 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನನ್ನು ನೋಡಿದ ಮೇಲೆ. ಮದ್ದೂರಿನ ಕಡೆ ಬಂದಿದ್ದರೂ ಆಗುತ್ತಿತ್ತು. ನಮ್ಮೂರಿನ ‘ಕುರುಕ್ಷೇತ್ರ’ದಲ್ಲಿ ಸತ್ತು ಬಿದ್ದ ಅಭಿಮನ್ಯು, ಜನ ‘ವನ್ಸ್ ಮೋರ್’ ಎಂದು ಕೂಗಿದ ಕೂಡಲೇ ಎದ್ದು, ಪೇಟಿ ಮಾಸ್ಟರ ಕಡೆ ತಿರುಗಿ ಶ್ರುತಿ ಕೇಳಿಕೊಂಡು, ಸಾಯುವ ಮುಂಚಿನ ಹಾಡನ್ನು ಇನ್ನೊಮ್ಮೆ ಹಾಡಿ, ನೆಲ ಒರೆಸಿಕೊಂಡು ಸತ್ತ. ಯಾರಿಗೂ ಯಾವ ಭ್ರಮೆಯೂ ಇರಲಿಲ್ಲ, ಅಜ್ಜಿಯರು ಮಾತ್ರ ಎರಡು ಸಲವೂ ಅತ್ತರು.

ಎಲ್ಲರಿಗಿಂತ ದೊಡ್ಡ ಪುಸ್ತಕವನ್ನು ನಿರ್ದೇಶಕರು ಕಂಕುಳಲ್ಲಿ ತರಲಿಲ್ಲ, ಚೀಲದಲ್ಲಿ ತಂದರು. ಆದ್ಯ ರಂಗಾಚಾರ್ಯರು ಅನುವಾದಿಸಿದ ಭರತನ ನಾಟ್ಯಶಾಸ್ತ್ರ. ಜೀವನವಿಡೀ ನಾಟಕ ಬರೆದು, ಆಡಿಸಿ, ಬೈಸಿಕೊಂಡ ‘ಶ್ರೀರಂಗ’ರೇ ಅನುವಾದಕರಾದ್ದರಿಂದ ಅದರಲ್ಲಿ ಶಾಸ್ತ್ರದ ಜೊತೆಗೆ ರಂಗದ ಧೂಳೂ ಇದೆಯೆಂದು ನನಗನ್ನಿಸುತ್ತದೆ. ಮೊದಲ ಅಧ್ಯಾಯದಲ್ಲೇ ಲೋಕದ ಮೊದಲ ನಾಟಕದ ಪ್ರಯೋಗ. ದೇವತೆಗಳು ರಾಕ್ಷಸರನ್ನು ಗೆದ್ದ ಕಥೆಯನ್ನು ರಾಕ್ಷಸರ ಎದುರಿಗೇ ಆಡಿದರೆ ಅವರು ಸುಮ್ಮನಿರುತ್ತಾರೆಯೇ? ವಿಘ್ನಗಳನ್ನು ಜೊತೆಗೂಡಿಸಿಕೊಂಡು ನಟರ ಮಾತು, ಚಲನೆ, ನೆನಪು ಮೂರನ್ನೂ ಸ್ತಂಭಿಸಿಬಿಟ್ಟರು. ಇಂದ್ರ ಧ್ವಜದಂಡ ಕಿತ್ತು ಅವರನ್ನು ಬಡಿಯಬೇಕಾಯಿತು. ಆಮೇಲೆ ಬ್ರಹ್ಮನ ಅಪ್ಪಣೆಯಂತೆ ವಿಶ್ವಕರ್ಮ ನಾಟ್ಯಗೃಹ ಕಟ್ಟಿದ, ಕಂಬಕ್ಕೊಬ್ಬ ದೇವರು ಕಾವಲಿಗೆ ನಿಂತ.

ಸೈಡ್ ವಿಂಗಿನ ಸ್ಟೂಲಿನಲ್ಲಿ ಕೂತವನಿಗೆ ಇದಕ್ಕಿಂತ ಆಪ್ತವಾದ ಪುರಾಣ ಇರಲಾರದು. ಮೊದಲ ಪ್ರಯೋಗದಲ್ಲೇ ಮಾತು ಮರೆತಿದೆ! ಆಮೇಲೆ ನಮ್ಮ ನಟರು ಮರೆತಾಗಲೆಲ್ಲ “ನನ್ನದೇನಿಲ್ಲ ಸಾರ್, ವಿಘ್ನಗಳು” ಎನ್ನತೊಡಗಿದರು. ಇಂದ್ರನ ದಂಡ ಮಾತ್ರ ನಮ್ಮಲ್ಲಿರಲಿಲ್ಲ. ಇದೇ ಗ್ರಂಥದ ಕೊನೆಯಲ್ಲಿ ಭರತನ ಮಕ್ಕಳು ಪ್ರಹಸನ ಆಡಿ ಋಷಿಗಳನ್ನೇ ಲೇವಡಿ ಮಾಡಿ ಶಾಪ ತಿನ್ನುತ್ತಾರೆ. ಗಲಾಟೆಯಿಂದ ಶುರುವಾಗಿ ಶಾಪದಲ್ಲಿ ಮುಗಿಯುವ ಶಾಸ್ತ್ರಗ್ರಂಥ ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ. ನಡುವೆ ಅಷ್ಟೊಂದು ಅಧ್ಯಾಯ ಕಣ್ಣು, ಹುಬ್ಬು, ಕೈ, ಕಾಲು ಆಡಿಸುವ ಕ್ರಮ. ಅವನ್ನು ನಿರ್ದೇಶಕರು ಓದಿದ್ದರೋ ಇಲ್ಲವೋ ಎಂಬ ಅನುಮಾನ ಆಗ ಇತ್ತು. ಈಗ ಪರಿಹಾರವಾಗಿದೆ.

ಈಗ ಅವರಿಲ್ಲ. ಅವರ ಮಗ ಮನೆ ಬದಲಾಯಿಸುವಾಗ ಫೋನ್ ಮಾಡಿ, “ಅಪ್ಪಂದು ನಾಟಕದ ಪುಸ್ತಕ ಒಂದು ಡಬ್ಬ ಇದೆ. ರದ್ದಿಗೆ ಹಾಕೋಕೆ ಮನಸ್ಸು ಬರ್ತಿಲ್ಲ, ನೀವು ತಗೊಂಡು ಹೋಗ್ತೀರಾ ಅಂಕಲ್” ಎಂದ. ಆಟೋದಲ್ಲಿ ತಂದೆ. ನನ್ನ ಹೆಂಡತಿ ಡಬ್ಬ ನೋಡಿ “ಅವರು ಹೋದ ಮೇಲೂ ನಿಮ್ಮನ್ನ ಬಿಡ್ಲಿಲ್ಲ ನೋಡ್ರಿ” ಎಂದಳು. ಒಂದೊಂದೇ ತೆಗೆದು ನೋಡಿದೆ. ಎಲ್ಲದರಲ್ಲೂ ಕೆಂಪು ಪೆನ್ನಿನ ಅಡಿಗೆರೆ. ಎಲ್ಲ ಅಡಿಗೆರೆಗಳೂ ಮೊದಮೊದಲ ಅಧ್ಯಾಯಗಳಲ್ಲೇ. ಸ್ತಾನಿಸ್ಲಾವ್‌ಸ್ಕಿಯಲ್ಲಿ ಪಿನ್ನು ಹುಡುಕುವವರೆಗೂ ಗೆರೆಯಿದೆ, ಮುಂದಿನ ಪುಟಗಳು ಬೆಳ್ಳಗಿವೆ. ನಾಟ್ಯಶಾಸ್ತ್ರದಲ್ಲಿ ಇಂದ್ರ ದಂಡ ಎತ್ತಿದಲ್ಲಿಗೆ ಶಾಯಿ ನಿಂತಿದೆ. ಬ್ರೂಕ್‌ನ ಕೊನೆಯ ಖಾಲಿ ಹಾಳೆಯಲ್ಲಿ ಖಜಾಂಚಿಯ ಅಕ್ಷರ: ವಿಗ್ಗು ಬಾಡಿಗೆ, ಗೋಂದು, ಟೀ, ಟೀ, ಆಟೋ, ಕಾವಲುಗಾರನಿಗೆ, ಟೀ. ಕೆಳಗೆ ಮೊತ್ತ ಹಾಕಿಲ್ಲ. ಆ ಪುಟವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಆ ಟೀಯಲ್ಲಿ ಕೆಲವು ನನ್ನವು.

ನಾಟಕದ ಪುಸ್ತಕಗಳನ್ನು ಓದೀ ಓದಿ, ನಾನು ನೋಡದ ನಾಟಕಗಳೇ ನೋಡಿದ್ದಕ್ಕಿಂತ ಚೆನ್ನಾಗಿ ಕಣ್ಣಿಗೆ ಕಟ್ಟಿವೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ್ದನ್ನು ನಾನು ನೋಡಿಲ್ಲ, ಆ ಹೊತ್ತಿಗೆ ನಮ್ಮಪ್ಪನಿಗೇ ಚಡ್ಡಿ. ಆದರೂ ಆ ಆನೆಯ ಲದ್ದಿಯ ವಾಸನೆ ನನಗೆ ಗೊತ್ತು. 1972ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಮಾಡಿಸಿದ್ದನ್ನು ತಾವು ಕಣ್ಣಾರೆ ನೋಡಿದ್ದಾಗಿ ಹೇಳದ ಹಿರಿಯರು ಈ ಊರಲ್ಲಿಲ್ಲ. ಅವರೆಲ್ಲ ಅವತ್ತು ನಿಜವಾಗಿ ಬಂದಿದ್ದರೆ ಹಿಂದಿನ ಸಾಲು ಲಾಲ್‌ಬಾಗಿನ ಬಂಡೆಯ ಮೇಲೆ ಕೂರಬೇಕಿತ್ತು. ನಾನು ಅವರನ್ನು ಅನುಮಾನಿಸುವುದಿಲ್ಲ. ಅವರೂ ನನ್ನ ಹಾಗೆ ಓದಿಯೇ ನೋಡಿರಬೇಕು.

ಆ ಬಯಲು ರಂಗಮಂದಿರಕ್ಕೆ ಈಗ ಸಂಸ ಹೆಸರಿದೆ. ಮೈಸೂರು ಅರಸರ ಮೇಲೆ ‘ವಿಗಡ ವಿಕ್ರಮರಾಯ’ದಂಥ ನಾಟಕ ಬರೆದವನು ಸಂಸ. ಪೊಲೀಸರು ಬೆನ್ನಟ್ಟಿದ್ದಾರೆಂಬ ಭ್ರಮೆಯಲ್ಲಿ ಊರೂರು ಅಲೆದು, 1939ರಲ್ಲಿ ತನ್ನ ಕೈಯಾರೆ ಜೀವ ಕಳೆದುಕೊಂಡ. ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದಿದ್ದನೆನ್ನುತ್ತಾರೆ, ನಮಗೆ ಸಿಕ್ಕಿದ್ದು ಆರು. ಉಳಿದವನ್ನು ಓದಿಯೂ ನೋಡುವಂತಿಲ್ಲ.

ನಾಟಕ ಪುಸ್ತಕವಾಗಿ ಉಳಿಯುವುದೇ ಒಂದು ಆಕಸ್ಮಿಕ. ಶೇಕ್ಸ್‌ಪಿಯರ್ ಕಾಲದಲ್ಲಿ ನಟನಿಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ಅವನ ಮಾತು, ಅದಕ್ಕೆ ಮುಂಚಿನ ಮಾತಿನ ಬಾಲದ ಎರಡು ಪದ, ಅಷ್ಟನ್ನೇ ಒಂದು ಸುರುಳಿಯಲ್ಲಿ ಬರೆದು ಕೊಡುತ್ತಿದ್ದರು. ಕಥೆ ಏನೆಂಬುದು ಅವನಿಗೆ ರಂಗದ ಮೇಲೆ ಗೊತ್ತಾಗಬೇಕು. ಶೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷದ ಮೇಲೆ, 1623ರಲ್ಲಿ, ಜೊತೆಗೆ ಆಡುತ್ತಿದ್ದ ಇಬ್ಬರು ನಟರು ಹೆಮಿಂಜ್ ಮತ್ತು ಕಾಂಡೆಲ್ 36 ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಅರ್ಧ ಅಲ್ಲಿಯವರೆಗೆ ಅಚ್ಚೇ ಆಗಿರಲಿಲ್ಲ. ‘ಮ್ಯಾಕ್‌ಬೆತ್’ ಆ ಅರ್ಧದಲ್ಲಿದೆ. ಅಚ್ಚಾದವುಗಳ ಗತಿಯೂ ಮೋಜಿನದು. ‘ಮಚ್ ಅಡೂ ಅಬೌಟ್ ನಥಿಂಗ್’ನ 1600ರ ಪ್ರತಿಯಲ್ಲಿ ಡಾಗ್‌ಬೆರಿ ಎಂಬ ಪಾತ್ರದ ಕೆಲವು ಮಾತುಗಳಿಗೆ ಪಾತ್ರದ ಹೆಸರಿನ ಬದಲು ಕೆಂಪ್ ಎಂದಿದೆ. ಕೆಂಪ್ ಅಂದರೆ ಆ ಪಾತ್ರ ಮಾಡುತ್ತಿದ್ದ ಹಾಸ್ಯನಟ! ಬರೆಯುವವನ ಮನಸ್ಸಿನಲ್ಲಿ ಯಾರು ನಿಂತಿದ್ದನೋ ಅವನೇ ಕಾಗದದ ಮೇಲೆ ಇಳಿದ, ಮೊಳೆ ಜೋಡಿಸುವವನು ಕಣ್ಣು ಮುಚ್ಚಿಕೊಂಡು ಜೋಡಿಸಿದ.

ನಮ್ಮ ಕೈಲಾಸಂ ಅಷ್ಟೂ ಮಾಡುತ್ತಿರಲಿಲ್ಲ. ಅವರಿಗೆ ಬರೆಯುವುದೆಂದರೆ ಆಗದು. ಸಿಗರೇಟು ಹಚ್ಚಿ, ಎಲ್ಲ ಪಾತ್ರಗಳನ್ನೂ ತಾವೇ ಆಡುತ್ತ ಹೇಳುವುದು, ಗೆಳೆಯರು ಬರೆದುಕೊಳ್ಳುವುದು. ಬರೆದುಕೊಳ್ಳುವವರಿಲ್ಲದ ಸಂಜೆಗಳಲ್ಲಿ ಎಷ್ಟು ನಾಟಕ ಹೊಗೆಯಾಯಿತೋ.

ಅಂಥ ಕೈಲಾಸಂ ನಾಟಕವೊಂದರ ಹಳೆಯ ಪ್ರತಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿತು. ರಟ್ಟು ಹೋಗಿತ್ತು, ಬೆನ್ನಿಗೆ ಬಟ್ಟೆಯ ಅಂಟುಪಟ್ಟಿ. ಮನೆಗೆ ತಂದು ಬಿಡಿಸಿದರೆ ಅಂಚಿನ ತುಂಬ ಪೆನ್ಸಿಲ್. ಯಾವುದೋ ತಂಡ, ಯಾವುದೋ ಊರು, ಯಾವುದೋ ವರ್ಷ. ಬರೆದವನು ನನ್ನ ಜಾತಿಯವನೇ, ಪ್ರಾಂಪ್ಟರ್. ಒಂದು ಕಡೆ ‘ಮ. ಮರೆತರೆ ಮುಂದಿನ ಪುಟಕ್ಕೆ ಹಾರು’. ನಾಲ್ಕು ಪುಟದ ನಂತರ ‘ಮ. ಹಾರಿದರೆ ವಾಪಸ್ ಬಾ’. ಒಂದು ಇಡೀ ಸಂಭಾಷಣೆಗೆ ಅಡ್ಡ ಗೆರೆ ಎಳೆದು ‘ಇದು ಬೇಡ, ಸೆಕ್ರೆಟರಿ ಬರುತ್ತಾರೆ’ ಎಂದಿತ್ತು. ಹೆಣ್ಣು ಪಾತ್ರದ ಪ್ರವೇಶದ ಹತ್ತಿರ ‘8:40ರ ಬಸ್ಸು. ಬೇಗ ಮುಗಿಸು’. ನಟಿಯನ್ನು ಬಾಡಿಗೆಗೆ ಕರೆಸಿದ್ದರೆಂದು ಕಾಣುತ್ತದೆ. ಪಾಪ, ಕೊನೆಯ ದೃಶ್ಯದಲ್ಲಿ ಅವಳ ಮಾತನ್ನೆಲ್ಲ ಅಡಿಗೆಯವನಿಗೆ ದಾಟಿಸಿದ್ದಾರೆ. ತಂದೆಯ ಪಾತ್ರದ ಒಂದು ದೊಡ್ಡ ಮಾತಿನ ನಡುವೆ ಬಾಣದ ಗುರುತು, ಪಕ್ಕದಲ್ಲಿ ದಪ್ಪಗೆ ‘ಇಲ್ಲಿ ಕೆಮ್ಮು’.

ಈ ಕೆಮ್ಮು ನನ್ನನ್ನು ಕಾಡಿತು. ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಪುಟದ ಬುಡದಲ್ಲಿ ಮಸುಕಾದ ಅಕ್ಷರದಲ್ಲಿ ಉತ್ತರ ಸಿಕ್ಕಿತು: ‘ಕೆಮ್ಮು ಕೇಳಿದ ಮೇಲೆ ಕಿಟಕಿ ಆಚೆ ಫ್ಯೂಸ್ ತೆಗಿ’. ಅರ್ಥವಾಯಿತಲ್ಲ? ಲೈಟ್ ಬೋರ್ಡು ಕಟ್ಟಡದ ಹೊರಗೋಡೆಯಲ್ಲಿತ್ತು. ಅಲ್ಲಿ ನಿಂತವನಿಗೆ ರಂಗ ಕಾಣುವುದಿಲ್ಲ. ಮಾತು ಸರಿಯಾಗಿ ಕೇಳುವುದಿಲ್ಲ, ಕೆಮ್ಮು ಕೇಳುತ್ತದೆ. ಅಪ್ಪ ಕೆಮ್ಮಿದ ಕೂಡಲೇ ರಾತ್ರಿಯಾಗಬೇಕು. ಕ್ರೇಗ್, ಬ್ರೂಕ್ ಯಾರೂ ಹೇಳಿಕೊಡದ ಬೆಳಕಿನ ವಿನ್ಯಾಸ ಇದು. ನಿರ್ದೇಶನದ ಪುಸ್ತಕ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರತಿಯನ್ನೇ ತೋರಿಸುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಹೋದ ವರ್ಷ ಕೇಳಿದರು. ನಮ್ಮ ಬೀದಿಯಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗಿಯೊಬ್ಬಳು ಗೆಳೆಯರನ್ನು ಕಟ್ಟಿಕೊಂಡು ತಂಡ ಮಾಡಿದ್ದಾಳೆ. ಆ ನಾಟಕವೇ ಬೇಕಿತ್ತು. ನಾಟಕ ಆಡುವವರು ಪುಸ್ತಕ ಕೊಳ್ಳುವುದಿಲ್ಲ, ಜೆರಾಕ್ಸ್ ಮಾಡಿಸುತ್ತಾರೆ. ಅದು ಹಿಂದಿನಿಂದ ಬಂದ ಪದ್ಧತಿ, ನಾನೂ ಆಕ್ಷೇಪಿಸಲಿಲ್ಲ. ಪೆನ್ಸಿಲ್ ಬರಹ ಕಪ್ಪಾಗಿ ಮೂಡಿತು. ಜೆರಾಕ್ಸು ಓದಲಾಗುವುದಿಲ್ಲವೆಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟರು. ಅಲ್ಲಿನ ಹುಡುಗ ಅಡ್ಡ ಗೆರೆ ಎಳೆದದ್ದನ್ನು ಬಿಟ್ಟ, ಉಳಿದದ್ದರಲ್ಲಿ ತನಗೆ ತಿಳಿದಷ್ಟನ್ನು ಟೈಪು ಮಾಡಿದ. ಹೀಗೆ ಎಲ್ಲೋ ಯಾರೋ ಫ್ಯೂಸ್ ತೆಗೆಯಲೆಂದು ಬರೆದಿಟ್ಟದ್ದು ಶಾಸ್ತ್ರೋಕ್ತವಾಗಿ ಕಂಸದೊಳಗೆ ಹೋಗಿ ‘(ಕೆಮ್ಮುತ್ತಾನೆ)’ ಎಂದಾಯಿತು.

ಪ್ರಯೋಗಕ್ಕೆ ಹೋಗಿದ್ದೆ. ಮುಂದಿನ ಸಾಲಿನಲ್ಲೇ ಕೂರಿಸಿದರು. ಆ ದೊಡ್ಡ ಮಾತಿನ ನಡುವೆ ತಂದೆಯ ಪಾತ್ರದ ಹುಡುಗ ನಿಂತ. ಎದೆ ಹಿಡಿದುಕೊಂಡ. ಒಣ ಕೆಮ್ಮು ಒಂದು, ಆಮೇಲೆ ಒಳಗಿನಿಂದ ಕಿತ್ತುಬರುವಂಥದ್ದು ಒಂದು, ಮತ್ತೆ ಕರವಸ್ತ್ರ ತೆಗೆದು ಅದನ್ನೇ ದಿಟ್ಟಿಸುವುದು. ಸಭೆ ಉಸಿರು ಬಿಗಿಹಿಡಿಯಿತು. ನನ್ನ ಕಣ್ಣು ಅಭ್ಯಾಸಬಲದಿಂದ ಬಲ್ಬಿನ ಕಡೆ ಹೋಯಿತು. ದೀಪ ಆರಲಿಲ್ಲ, ಅವರ ಬೆಳಕೆಲ್ಲ ಕಂಪ್ಯೂಟರಿನಲ್ಲಿ.

ಆಟ ಮುಗಿದ ಮೇಲೆ ಹುಡುಗಿ ಓಡಿ ಬಂದಳು. “ಅಂಕಲ್, ಆ ಕೆಮ್ಮು ನೋಡಿದ್ರಾ? ಇಡೀ ಪಾತ್ರ ಅದರ ಮೇಲೇ ಕಟ್ಟಿದೀವಿ. ಕೈಲಾಸಂ ಹೇಳಿ ಬರೆಸ್ತಿದ್ರಲ್ಲ, ಸಿಗರೇಟು ಬೇರೆ. ಹೇಳ್ತಾ ಹೇಳ್ತಾ ಅವರೇ ಕೆಮ್ಮಿರ್ಬೇಕು, ಬರ್ಕೊಂಡವರು ಹಾಗೇ ಹಾಕಿದಾರೆ. ಪಾತ್ರದೊಳಗೆ ನಾಟಕಕಾರನೇ ಕೆಮ್ತಿದಾನೆ ಅಂಕಲ್!”

“ಕೈಲಾಸಂ ಕೇಳಿದ್ರೆ ಸಿಗರೇಟು ಬಿಟ್ಟುಬಿಡ್ತಿದ್ರು ಕಣಮ್ಮ” ಎಂದೆ.

ಮೈಸೂರಿನ ತಂಡವೊಂದು ಆಗಲೇ ಅವಳಿಂದ ಪಿ.ಡಿ.ಎಫ್. ತರಿಸಿಕೊಂಡಿದೆಯಂತೆ.